ಲಾಸಾದಿಂದ ಬೈಲಕುಪ್ಪೆಗೆ ಎಷ್ಟು ದೂರ?

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೊರಟ ಬಸ್ಸು ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಹೊಗೆಸೊಪ್ಪಿನ ಹೊಲಗಳನ್ನೂ ಅದನ್ನು ಹದಮಾಡುವ ಬ್ಯಾರನ್ನುಗಳನ್ನೂ ಹಿಂದೆ ಹಾಕಿ, ಎರಡು ಗಂಟೆಯ ಆಸುಪಾಸಿನಲ್ಲಿ ಬೈಲಕುಪ್ಪೆಗೆ ಬಂದು ನಿಲ್ಲುತ್ತದೆ. ದೂರ 80 ಕಿಲೋಮೀಟರಿಗೆ ತುಸು ಮೇಲೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಕಾವೇರಿಯ ಸೇತುವೆ, ಅದರಾಚೆ ಕೊಡಗಿನ ಕುಶಾಲನಗರ. ಈ ಲೆಕ್ಕದಲ್ಲಿ ಯಾರಿಗೂ ಗೊಂದಲವಿಲ್ಲ. ಆದರೆ ಬೈಲಕುಪ್ಪೆಯಲ್ಲಿ ಇಳಿದು ‘ಕ್ಯಾಂಪ್’ ಎಂದು ಊರವರು ಕರೆಯುವ ಟಿಬೆಟನ್ ವಸತಿಯ ಒಳಗೆ ಹೋದರೆ ಇನ್ನೊಂದು ದೂರದ ಲೆಕ್ಕ ಎದುರಾಗುತ್ತದೆ. ಅಲ್ಲಿನ ಹಿರಿಯರು ಬಿಟ್ಟು ಬಂದ ಲಾಸಾ ಇಲ್ಲಿಂದ ಎಷ್ಟು ದೂರ, ಅಲ್ಲಿಗೆ ಹೋಗಲು ಎಷ್ಟು ದಿನ ಬೇಕು ಎಂಬ ಸರಳ ಪ್ರಶ್ನೆಗೆ ಕಳೆದ ಮುನ್ನೂರು ವರ್ಷಗಳಲ್ಲಿ ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಭೂಪಟದ ಮೇಲೆ ಉತ್ತರ ಸುಲಭ. ಲಾಸಾ ಇರುವುದು ಹೆಚ್ಚುಕಡಿಮೆ 29.6 ಡಿಗ್ರಿ ಉತ್ತರ ಅಕ್ಷಾಂಶ, 91 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೈಲಕುಪ್ಪೆ 12.4 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ. ಎರಡರ ನಡುವೆ ಹಕ್ಕಿ ಹಾರಿದಂತೆ ನೇರ ಗೆರೆ ಎಳೆದರೆ ಸುಮಾರು 2,500 ಕಿಲೋಮೀಟರು. ಹಳೆಯ ಕನ್ನಡದ ಅಳತೆಯಲ್ಲಿ ಹೇಳುವುದಾದರೆ, ಮೂರು ಮೈಲಿಗೆ ಒಂದು ಹರದಾರಿ, ನಾಲ್ಕು ಹರದಾರಿಗೆ ಒಂದು ಗಾವುದ ಎಂಬ ಸ್ಥೂಲ ಲೆಕ್ಕದಂತೆ, 130 ಗಾವುದದ ಹತ್ತಿರ. ಕುತೂಹಲದ ಸಂಗತಿಯೆಂದರೆ ಲಾಸಾದಿಂದ ಬೀಜಿಂಗಿಗೆ ಇರುವ ನೇರ ದೂರವೂ ಹೆಚ್ಚುಕಡಿಮೆ ಇಷ್ಟೇ. ಇನ್ನೂ ನಿಖರವಾಗಿ ಅಳೆದರೆ ಪಿರಿಯಾಪಟ್ಟಣ ತಾಲ್ಲೂಕೇ ಕೆಲವು ಹತ್ತು ಕಿಲೋಮೀಟರು ಹತ್ತಿರವಾಗುತ್ತದೆ. ಲಾಸಾವನ್ನು ಆಳುತ್ತಿರುವ ರಾಜಧಾನಿಯೂ ಲಾಸಾವನ್ನು ಕಳೆದುಕೊಂಡವರ ಊರೂ ಅದರಿಂದ ಸಮದೂರದಲ್ಲಿವೆ!

ಗಡಿಯಾರದ ಲೆಕ್ಕ ಇನ್ನೂ ವಿಚಿತ್ರ. ಎರಡೂ ಊರುಗಳ ನಡುವೆ ರೇಖಾಂಶದಲ್ಲಿ 15 ಡಿಗ್ರಿ ಅಂತರವಿದೆ. ಭೂಮಿ ಒಂದು ಗಂಟೆಗೆ ತಿರುಗುವುದು 15 ಡಿಗ್ರಿ. ಆದ್ದರಿಂದ ಲಾಸಾದ ನೆತ್ತಿಯ ಮೇಲಿಂದ ಹೊರಟ ಸೂರ್ಯ ಸರಿಯಾಗಿ ಒಂದು ಗಂಟೆಗೆ ಬೈಲಕುಪ್ಪೆಯ ನೆತ್ತಿಗೆ ಬರುತ್ತಾನೆ. ಆದರೆ ಚೀನಾ ತನ್ನ ಇಡೀ ದೇಶಕ್ಕೆ ಬೀಜಿಂಗಿನ ಒಂದೇ ಸಮಯವನ್ನು ಗೊತ್ತುಮಾಡಿದೆ. ಹೀಗಾಗಿ ಬೈಲಕುಪ್ಪೆಯಲ್ಲಿ ಬೆಳಿಗ್ಗೆ ಆರು ಹೊಡೆದಾಗ ಲಾಸಾದ ಗಡಿಯಾರ ಎಂಟೂವರೆ ತೋರಿಸುತ್ತದೆ. ಸೂರ್ಯನ ಪ್ರಕಾರ ಒಂದು ಗಂಟೆ, ಸರ್ಕಾರಗಳ ಪ್ರಕಾರ ಎರಡೂವರೆ ಗಂಟೆ.

ಈ ಹಾದಿಯನ್ನು ಮನುಷ್ಯರಿಗಿಂತ ಮೊದಲು ಸವೆಸಿದ್ದು ಶ್ರೀಗಂಧ ಎನ್ನಬಹುದು. ಟಿಬೆಟಿನ ಧೂಪಕ್ಕೂ ಔಷಧಕ್ಕೂ ಗಂಧ ಬೇಕೇ ಬೇಕು. ಆದರೆ ಹಿಮದ ನಾಡಿನಲ್ಲಿ ಗಂಧದ ಮರ ಬೆಳೆಯುವುದಿಲ್ಲ. ಟಿಬೆಟನ್ ಭಾಷೆಯಲ್ಲಿ ಅದಕ್ಕಿರುವ ಹೆಸರು ಸಂಸ್ಕೃತದ ‘ಚಂದನ’ವೇ, ಉಚ್ಚಾರ ಮಾತ್ರ ‘ತ್ಸೆಂದೆನ್’ ಎಂದಾಗಿದೆ. ಹದಿನೆಂಟನೆಯ ಶತಮಾನದಲ್ಲಿ ಬಂಗಾಳದ ಮೂಲಕ ಟಿಬೆಟಿಗೆ ಹೋಗುತ್ತಿದ್ದ ಸರಕುಗಳಲ್ಲಿ ಶಂಖ, ಮುತ್ತು, ನೀಲಿಗಳ ಜೊತೆ ಗಂಧವೂ ಇತ್ತು. ಗಂಧಕ್ಕೆ ಹೆಸರಾದದ್ದು ಮೈಸೂರು ಸೀಮೆ. ಹೀಗೆ ಹೋದ ಗಂಧದ ಕೊರಡು ಹಡಗು, ದೋಣಿ, ಹೇಸರಗತ್ತೆಗಳನ್ನು ಬದಲಾಯಿಸುತ್ತಾ ಲಾಸಾದ ಧೂಪವಾಗಲು ಎಷ್ಟು ತಿಂಗಳು ಹಿಡಿಯುತ್ತಿತ್ತೋ, ಅದನ್ನು ಬರೆದಿಟ್ಟವರಿಲ್ಲ.

ಮನುಷ್ಯನೊಬ್ಬನ ಪ್ರಯಾಣದ ಲೆಕ್ಕ ಮಾತ್ರ ಸಿಕ್ಕುತ್ತದೆ. ಇಪ್ಪೊಲಿತೊ ದೆಸಿದೇರಿ ಎಂಬ ಇಟಲಿಯ ಜೆಸ್ಯುಯಿಟ್ ಪಾದ್ರಿ 1713ರ ಸೆಪ್ಟೆಂಬರಿನಲ್ಲಿ ಹಡಗಿನಿಂದ ಗೋವೆಯಲ್ಲಿ ಇಳಿದ. ಸೂರತ್, ದೆಹಲಿ, ಕಾಶ್ಮೀರ, ಲಡಾಖ್‌ಗಳ ಸುತ್ತುದಾರಿ ಹಿಡಿದು, ನಡುನಡುವೆ ತಿಂಗಳುಗಟ್ಟಲೆ ತಂಗಿ, ಲಾಸಾ ಮುಟ್ಟಿದ್ದು 1716ರ ಮಾರ್ಚಿನಲ್ಲಿ. ಅಂದರೆ ಎರಡೂವರೆ ವರ್ಷ. ಮರುವರ್ಷ ಆತ ಲಾಸಾದ ಪಕ್ಕದ ಸೆರಾ ಮಠಕ್ಕೆ ಹೋಗಿ ಅಲ್ಲಿನ ಭಿಕ್ಷುಗಳ ನಡುವೆ ಕುಳಿತು ಬೌದ್ಧ ತರ್ಕಶಾಸ್ತ್ರ ಓದಿದ. 1721ರಲ್ಲಿ ಟಿಬೆಟ್ ಬಿಡಬೇಕಾಗಿ ಬಂದು, ಕೊನೆಗೆ 1726ರಲ್ಲಿ ದಕ್ಷಿಣದ ಪುದುಚೇರಿಗೆ, ಅಲ್ಲಿನ ‘ಕರ್ನಾಟಿಕ್ ಮಿಷನ್’ಗೆ ಬಂದು ಸೇರಿದ. ಸೆರಾದಲ್ಲಿ ಓದಿ ದಕ್ಷಿಣ ಭಾರತಕ್ಕೆ ಬಂದವರು ಅದಕ್ಕೆ ಮುಂಚೆ ಯಾರಾದರೂ ಇದ್ದರೋ ಹೇಳಲಾಗದು. ಸುಮಾರು ಎರಡೂವರೆ ಶತಮಾನಗಳ ಬಳಿಕ ಆ ಮಠವೇ ಎದ್ದು ದಕ್ಷಿಣಕ್ಕೆ ಬರುತ್ತದೆಂದು ಆ ಪಾದ್ರಿ ಕನಸಿನಲ್ಲೂ ಎಣಿಸಿರಲಾರ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದಾರಿ ಸಾಕಷ್ಟು ಪಳಗಿತ್ತು. ಲಾಸಾದಿಂದ ಗ್ಯಾಂಟ್ಸೆ, ಫಾರಿ, ಚುಂಬಿ ಕಣಿವೆಗಳನ್ನು ಹಾದು, ಜೆಲೆಪ್ ಲಾ ಅಥವಾ ನಾಥು ಲಾ ಕಣಿವೆಮಾರ್ಗ ಏರಿಳಿದು ಬಂಗಾಳದ ಕಾಲಿಂಪಾಂಗ್ ಸೇರಲು ಹೇಸರಗತ್ತೆಗಳ ಸಾಲಿಗೆ ಮೂರು ವಾರ ಸಾಕಾಗುತ್ತಿತ್ತು. ಹೇರು ಉಣ್ಣೆ ಇಳಿಯುತ್ತಿತ್ತು, ಬಟ್ಟೆ, ಸಕ್ಕರೆ, ಸೀಮೆಎಣ್ಣೆ ಏರುತ್ತಿದ್ದವು. ಕಾಲಿಂಪಾಂಗಿನ ಕೆಳಗೆ ಸಿಲಿಗುರಿಯಲ್ಲಿ ರೈಲು. ಅಲ್ಲಿಂದ ಕಲ್ಕತ್ತೆ, ಮದರಾಸು, ಬೆಂಗಳೂರು, ಮೈಸೂರು ಎಂದು ಹಳಿ ಬಿದ್ದಿತ್ತು. ಹೀಗಾಗಿ 1950ರ ಸುಮಾರಿಗೆ ಒಬ್ಬ ಲಾಸಾದ ವರ್ತಕ ಮನಸ್ಸು ಮಾಡಿದ್ದರೆ ಒಂದು ತಿಂಗಳಲ್ಲಿ ಮೈಸೂರು ತಲುಪಬಹುದಿತ್ತು. ಆಗ ಲಾಸಾದಿಂದ ಬೀಜಿಂಗಿಗೆ ನೆಲದ ಮೇಲೆ ಹೋಗಲು ಅದಕ್ಕಿಂತ ಹೆಚ್ಚು ಸಮಯ ಬೇಕಿತ್ತು. ಚೀನಾ ತನ್ನ ಕಡೆಯಿಂದ ಲಾಸಾಕ್ಕೆ ಎರಡು ಮೋಟಾರು ರಸ್ತೆಗಳನ್ನು ಪೂರೈಸಿದ್ದು 1954ರ ಡಿಸೆಂಬರಿನಲ್ಲಿ. ಆ ದಿನದಿಂದ ಲಾಸಾ ಮೆಲ್ಲಮೆಲ್ಲನೆ ಪೂರ್ವಕ್ಕೆ ಸರಿಯಿತು ಎಂದರೆ ತಪ್ಪಾಗಲಾರದು.

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಸೈನಿಕನ ವೇಷದಲ್ಲಿ ಲಾಸಾದ ನೊರ್ಬುಲಿಂಗ್ಕಾ ಅರಮನೆಯಿಂದ ಹೊರಬಿದ್ದು ಕೀಚು ನದಿ ದಾಟಿದರು. ಭಾರತದ ಗಡಿ ಮುಟ್ಟಿದ್ದು 31ರಂದು. ತವಾಂಗ್ ಮಾರ್ಗವಾಗಿ ಅಸ್ಸಾಮಿನ ತೇಜಪುರಕ್ಕೆ ಇಳಿದದ್ದು ಏಪ್ರಿಲ್ 18ರಂದು. ಲಾಸಾದಿಂದ ತೇಜಪುರಕ್ಕೆ ನೇರ ಗೆರೆಯಲ್ಲಿ 400 ಕಿಲೋಮೀಟರೂ ಇಲ್ಲ. ಆ ದಾರಿಗೆ ಒಂದು ತಿಂಗಳು ಹಿಡಿಯಿತು. ಅವರ ಹಿಂದೆ ಬಂದ ಸಾಮಾನ್ಯರಿಗೆ ಇನ್ನೂ ಹೆಚ್ಚು. ಹಗಲು ಅಡಗಿ ರಾತ್ರಿ ನಡೆದು, ದಾರಿಯಲ್ಲಿ ಹಸುಗೂಸುಗಳನ್ನೂ ಮುದುಕರನ್ನೂ ಕಳೆದುಕೊಂಡು ಬಂದವರು ಅಸ್ಸಾಮಿನ ಮಿಸ್ಸಮಾರಿ ಶಿಬಿರದಲ್ಲಿ ಬಂದು ಬಿದ್ದರು. ಭಿಕ್ಷುಗಳನ್ನು ಬಂಗಾಳದ ಬಕ್ಸಾಗೆ ಕಳುಹಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅದು. ಬಿಸಿಲು, ಸೆಕೆ, ಕ್ಷಯರೋಗ ಅಲ್ಲಿ ಬಹಳ ಮಂದಿಯನ್ನು ತಿಂದವು. ಮೈಯಲ್ಲಿ ಬಲವಿದ್ದವರು ಹಿಮಾಲಯದ ರಸ್ತೆ ಕೆಲಸಕ್ಕೆ ಕಲ್ಲು ಒಡೆಯಲು ಹೋದರು.

ಇವರಿಗೊಂದು ನೆಲೆ ಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಡಲು ಮುಂದೆ ಬಂದದ್ದು ಆಗಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಕಾಡಿನಲ್ಲಿ ಸುಮಾರು 3,000 ಎಕರೆ ಗೊತ್ತಾಯಿತು. ಟಿಬೆಟನ್ನರು ಈ ಉಪಕಾರಕ್ಕೆ ಎಂದೂ ನೆನೆಯುವುದು ಎಸ್. ನಿಜಲಿಂಗಪ್ಪನವರನ್ನು, 2011ರಲ್ಲಿ ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕವನ್ನು ಉದ್ಘಾಟಿಸಲು ಸ್ವತಃ ದಲೈ ಲಾಮಾ ಬಂದಿದ್ದರು. ಇತಿಹಾಸದ ದೃಷ್ಟಿಯಿಂದ ಇನ್ನೊಂದು ಹೆಸರನ್ನೂ ಸೇರಿಸಬೇಕು. ಮೊದಲ ತಂಡ ಬಂದಿಳಿದ 1960ರ ಕೊನೆಯ ದಿನಗಳಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರು ಅವರಿಗೆ ಮುಂಚೆಯೂ ನಂತರವೂ ಆ ಕುರ್ಚಿಯಲ್ಲಿದ್ದರು. ವಸತಿ ಬೇರೂರಿದ್ದು ಅವರ ಎರಡನೆಯ ಅವಧಿಯಲ್ಲಿ.

ಮೊದಲ ತಂಡದಲ್ಲಿ ಇದ್ದವರು ಆರುನೂರು ಚಿಲ್ಲರೆ ಮಂದಿ. ರೈಲಿನಲ್ಲಿ ದಿನಗಟ್ಟಲೆ ಕುಳಿತು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದ ಅವರಲ್ಲಿ ಹೆಚ್ಚಿನವರು ಅದಕ್ಕೆ ಕೆಲವು ತಿಂಗಳ ಹಿಂದಿನವರೆಗೆ ರೈಲನ್ನೇ ಕಂಡವರಲ್ಲ. ಲಾಸಾ ಇರುವುದು ಸಮುದ್ರಮಟ್ಟದಿಂದ 3,650 ಮೀಟರ್ ಎತ್ತರದಲ್ಲಿ. ಬೈಲಕುಪ್ಪೆ ಎಂಟುನೂರಕ್ಕೆ ತುಸು ಮೇಲೆ. ಹಾಗಾಗಿ ಅವರು 2,500 ಕಿಲೋಮೀಟರು ದಕ್ಷಿಣಕ್ಕೆ ಬಂದದ್ದಲ್ಲದೆ ಎರಡೂವರೆ ಕಿಲೋಮೀಟರಿಗೂ ಮಿಕ್ಕಿ ಕೆಳಕ್ಕೂ ಇಳಿದಿದ್ದರು. ಚರ್ಮದ ನಿಲುವಂಗಿ ತೊಟ್ಟ ಮೈಗೆ ಮೈಸೂರಿನ ಬಿಸಿಲು. ಬಿದಿರು ತಡಿಕೆಯ ಗುಡಿಸಲು, ಬಟ್ಟೆಯ ಡೇರೆ. ಹಗಲೆಲ್ಲ ಮರ ಕಡಿದು ಬೇರು ಕೀಳುವುದು, ಇರುಳು ಬೆಂಕಿ ಹಾಕಿ ತಮಟೆ ಡಬ್ಬ ಬಡಿದು ಆನೆ ಓಡಿಸುವುದು. ಟಿಬೆಟಿನಲ್ಲಿ ಕಾಡೆಮ್ಮೆಯಂಥ ಯಾಕ್ ಸಾಕಿ ಬದುಕಿದವರಿಗೆ ಆನೆಯ ಸ್ವಭಾವ ಗೊತ್ತಿರಲಿಲ್ಲ. ಅದರ ಕಾಲಿಗೆ ಸಿಕ್ಕಿ ಸತ್ತವರೂ ಉಂಟು.

ಅಲ್ಲಿನ ಊಟದ ಮೂಲ ಬಾರ್ಲಿ, ಹುರಿದು ಹಿಟ್ಟು ಮಾಡಿದ ‘ತ್ಸಾಂಪಾ’. ಬಾರ್ಲಿ ಇಲ್ಲಿನ ಕೆಂಪುಮಣ್ಣಿಗೆ ಒಗ್ಗಲಿಲ್ಲ. ಕಡೆಗೆ ಕೈಹಿಡಿದದ್ದು ಮುಸುಕಿನ ಜೋಳ. ಈ ಭಾಗದ ರೈತರು ಅದನ್ನು ವ್ಯಾಪಕವಾಗಿ ಬೆಳೆಯುವುದಕ್ಕೆ ಟಿಬೆಟನ್ನರ ಹೊಲಗಳೂ ಒಂದು ಪ್ರೇರಣೆ ಎಂದು ಹಳಬರು ಹೇಳುವುದುಂಟು. ಮೊದಲಿನ ವಸತಿಗೆ ಲುಗ್ಸುಂಗ್ ಸಂದೂಪ್ಲಿಂಗ್ ಎಂದು ಹೆಸರು. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೊ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್ ಆರಂಭವಾದವು. ಇಂದು ಗ್ರಾಮೀಣಾಭಿವೃದ್ಧಿಯ ಕೆಲಸಕ್ಕೆ ರಾಜ್ಯದಾಚೆಗೂ ಹೆಸರಾದ ‘ಮೈರಾಡ’ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ನಿರಾಶ್ರಿತರ ಪುನರ್ವಸತಿಗಾಗಿ ಎಂಬುದು ಅನೇಕರಿಗೆ ಮರೆತುಹೋಗಿದೆ.

ಇಲ್ಲಿಂದ ಮುಂದೆ ದೂರದ ಕಥೆ ಒಂದು ವಿಚಿತ್ರ ತಿರುವು ಪಡೆಯುತ್ತದೆ. ಲಾಸಾದ ಉತ್ತರಕ್ಕೆ 1419ರಲ್ಲಿ ಸ್ಥಾಪನೆಯಾದ ಸೆರಾ ಮಠದಲ್ಲಿ 1959ಕ್ಕೆ ಮುನ್ನ ಐದು ಸಾವಿರಕ್ಕೂ ಮಿಕ್ಕಿ ಭಿಕ್ಷುಗಳಿದ್ದರು. ಬಕ್ಸಾದಲ್ಲಿ ಬದುಕುಳಿದವರಲ್ಲಿ ಸೆರಾದ ಸುಮಾರು ಮುನ್ನೂರು ಮಂದಿ 1970ರ ಹೊತ್ತಿಗೆ ಬೈಲಕುಪ್ಪೆಗೆ ಬಂದು ಕಾಡು ಕಡಿದು ಮಠ ಕಟ್ಟಿದರು. ಲಾಸಾದಿಂದ ಶಿಗಾಟ್ಸೆಗೆ ಹೋಗುವ ದಾರಿ 270 ಕಿಲೋಮೀಟರಿನಷ್ಟು. ಹಳೆಯ ಕಾಲದಲ್ಲಿ ಅದು ದಿನಗಟ್ಟಲೆ ಪಯಣ. ಆ ಶಿಗಾಟ್ಸೆಯ ತಾಶಿ ಲ್ಹುನ್‌ಪೊ ಮಠ 1447ರದು. 1972ರಲ್ಲಿ ಅದೂ ಬೈಲಕುಪ್ಪೆಗೆ ಬಂತು. ಪೂರ್ವ ಟಿಬೆಟಿನ ಖಾಮ್ ಪ್ರಾಂತ್ಯದ ಪಲ್‌ಯುಲ್ ಮಠಕ್ಕೂ ಲಾಸಾಕ್ಕೂ ರಸ್ತೆಯಲ್ಲಿ ಸಾವಿರ ಕಿಲೋಮೀಟರಿಗೂ ಮೀರಿದ ಅಂತರ. ಕುದುರೆಯ ಮೇಲೆ ತಿಂಗಳುಗಳ ಮಾತು. ಆ ಪರಂಪರೆಯ ಪೆನೋರ್ ರಿಂಪೋಚೆಯವರು 1963ರಲ್ಲಿ ಇಲ್ಲಿ ನಮ್‌ಡ್ರೋಲಿಂಗ್ ಮಠ ಆರಂಭಿಸಿದರು. 1999ರಲ್ಲಿ ಅಲ್ಲಿ ಉದ್ಘಾಟನೆಯಾದ ದೇವಾಲಯವನ್ನೇ ಪ್ರವಾಸಿಗಳು ‘ಗೋಲ್ಡನ್ ಟೆಂಪಲ್’ ಎಂದು ನೋಡಲು ಬರುವುದು. ಇಂದು ನಮ್‌ಡ್ರೋಲಿಂಗಿನಿಂದ ಆಟೊ ಹತ್ತಿದರೆ ಕಾಲು ಗಂಟೆಯಲ್ಲಿ ಸೆರಾ. ತಾಶಿ ಲ್ಹುನ್‌ಪೊ ಕೂಡ ಅಲ್ಲೇ. ಟಿಬೆಟಿನ ಮೂರು ದಿಕ್ಕುಗಳು ಪಿರಿಯಾಪಟ್ಟಣ ತಾಲ್ಲೂಕಿನ ಕೆಲವು ಮೈಲಿಗಳಲ್ಲಿ ಮಡಿಸಿಟ್ಟ ಬಟ್ಟೆಯ ಹಾಗೆ ಒಂದರ ಮೇಲೊಂದು ಕುಳಿತಿವೆ.

ಕೆಲವು ದೂರಗಳು ಹೀಗೆ ಕುಗ್ಗಿದರೆ ಮತ್ತೆ ಕೆಲವು ಹಿಗ್ಗಿದವು. ಸೆರಾ, ಡ್ರೆಪುಂಗ್, ಗಾಂಡೆನ್ ಲಾಸಾದ ಮೂರು ಮಹಾಮಠಗಳು. ಅಲ್ಲಿ ಸೆರಾದಿಂದ ಡ್ರೆಪುಂಗಿಗೆ ನಡೆದೇ ಹೋಗಬಹುದಿತ್ತು. ಗಾಂಡೆನ್ ನಲವತ್ತು ಚಿಲ್ಲರೆ ಕಿಲೋಮೀಟರು. ಹೊಸ ವರ್ಷದ ಮೊನ್ಲಾಮ್ ಪ್ರಾರ್ಥನೆಗೆ ಮೂರೂ ಮಠಗಳ ಭಿಕ್ಷುಗಳು ಲಾಸಾದ ಜೋಖಾಂಗ್ ದೇಗುಲದಲ್ಲಿ ಸೇರುತ್ತಿದ್ದರು. ಕರ್ನಾಟಕದಲ್ಲಿ ಸೆರಾ ಬೈಲಕುಪ್ಪೆಗೆ ಬಂದರೆ ಉಳಿದೆರಡು ಉತ್ತರ ಕನ್ನಡದ ಮುಂಡಗೋಡಕ್ಕೆ ಹೋದವು. ನಡುವೆ ಈಗ ಹತ್ತಿರ ಹತ್ತಿರ 400 ಕಿಲೋಮೀಟರು, ಒಂದು ರಾತ್ರಿಯ ಪ್ರಯಾಣ. ಲಾಸಾ ಪೇಟೆಯೊಳಗೇ ಇದ್ದ, 1433ರಲ್ಲಿ ಸ್ಥಾಪಿತವಾದ ಗ್ಯುಮೆ ತಾಂತ್ರಿಕ ವಿದ್ಯಾಪೀಠ ಹುಣಸೂರಿನ ಗುರುಪುರ ಸೇರಿತು. ಭೂಮಿ ಎಲ್ಲಿ ಸಿಕ್ಕಿತೋ ಅಲ್ಲಿ ಮಠ. ಭೂಗೋಳವನ್ನು ಹೊಸದಾಗಿ ಬರೆದದ್ದು ಕಂದಾಯ ಇಲಾಖೆ.

ಈ ನಡುವೆ ಹಳೆಯ ದಾರಿ ಮುಚ್ಚಿತು. 1962ರ ಯುದ್ಧದೊಂದಿಗೆ ನಾಥು ಲಾ, ಜೆಲೆಪ್ ಲಾ ಎರಡೂ ಬಂದಾದವು. ನಾಥು ಲಾ ಅಲ್ಪಸ್ವಲ್ಪ ವ್ಯಾಪಾರಕ್ಕೆಂದು ತೆರೆದದ್ದು 2006ರಲ್ಲಿ. ಇಪ್ಪತ್ತು ವರ್ಷ ಲಾಸಾ ಮತ್ತು ಬೈಲಕುಪ್ಪೆಯ ನಡುವೆ ಜನವಿರಲಿ, ಸುದ್ದಿಯೂ ಸರಿಯಾಗಿ ಹಾಯಲಿಲ್ಲ. ತಾಯಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ದೀಪ ಹಚ್ಚಬೇಕೋ ಬೇಡವೋ ಎಂದು ತೋಚದೆ ಕಾದ ಮಕ್ಕಳು ಈ ಕ್ಯಾಂಪುಗಳಲ್ಲಿ ಎಷ್ಟೋ ಮಂದಿ. 1980ರ ದಶಕದಲ್ಲಿ ಬಿಗಿ ಸ್ವಲ್ಪ ಸಡಿಲವಾದ ಮೇಲೆ ಹೊಸದೊಂದು ಹೊಳೆ ಹರಿಯಿತು. ಓದಬೇಕೆಂಬ ತರುಣ ಭಿಕ್ಷುಗಳು, ಮಕ್ಕಳಾದರೂ ಅಲ್ಲಿ ಬೆಳೆಯಲಿ ಎಂದು ತಂದೆತಾಯಿ ಬೇರೆಯವರ ಕೈಯಲ್ಲಿಟ್ಟು ಕಳುಹಿಸಿದ ಹುಡುಗ ಹುಡುಗಿಯರು ಹಿಮಾಲಯ ದಾಟಿ ನೇಪಾಳಕ್ಕೆ ಬರತೊಡಗಿದರು. ಎವರೆಸ್ಟಿನ ಪಶ್ಚಿಮಕ್ಕೆ, 5,700 ಮೀಟರ್ ಎತ್ತರದಲ್ಲಿರುವ ನಾಂಗ್ಪಾ ಲಾ ಅವರ ಹೆದ್ದಾರಿ. ಹಿಮಗಡ್ಡೆಯ ಮೇಲೆ ಬಟ್ಟೆಬೂಟಿನಲ್ಲಿ ನಡೆದು ಬೆರಳು ಕಳೆದುಕೊಂಡವರು ಕಠ್ಮಂಡುವಿನ ಸ್ವಾಗತ ಕೇಂದ್ರ ಸೇರಿ, ದೆಹಲಿ, ಧರ್ಮಶಾಲೆಗಳ ಮೂಲಕ ಬೈಲಕುಪ್ಪೆಗೆ ಬರುವಷ್ಟರಲ್ಲಿ ತಿಂಗಳುಗಳು ಉರುಳುತ್ತಿದ್ದವು. ವರ್ಷಕ್ಕೆ ಎರಡು ಮೂರು ಸಾವಿರ ಮಂದಿ ಹೀಗೆ ಬಂದ ಕಾಲವಿತ್ತು. ಮುನ್ನೂರು ಭಿಕ್ಷುಗಳ ಸೆರಾ ಮತ್ತೆ ಸಾವಿರಾರು ಭಿಕ್ಷುಗಳ ಸೆರಾ ಆದದ್ದು ಬಹುಪಾಲು ಈ ಕಾಲ್ನಡಿಗೆಯಿಂದ.

2006ರಲ್ಲಿ ಒಂದೇ ವರ್ಷ ಎರಡು ಘಟನೆಗಳು ನಡೆದವು. ಜುಲೈ 1ರಂದು ಲಾಸಾಕ್ಕೆ ರೈಲು ಬಂತು. ಬೀಜಿಂಗಿನಿಂದ ಎರಡು ದಿನದೊಳಗೆ ಲಾಸಾ ಮುಟ್ಟಬಹುದಾಯಿತು. ಸೆಪ್ಟೆಂಬರ್ 30ರಂದು ನಾಂಗ್ಪಾ ಲಾದ ಹಿಮದ ಮೇಲೆ ಸಾಲಾಗಿ ನಡೆಯುತ್ತಿದ್ದವರ ಮೇಲೆ ಚೀನೀ ಗಡಿಪಡೆ ಗುಂಡು ಹಾರಿಸಿತು. ಹದಿನೇಳರ ಹರೆಯದ ಭಿಕ್ಷುಣಿಯೊಬ್ಬಳು ಸತ್ತಳು. ಪಕ್ಕದ ಶಿಖರ ಏರಲು ಬಂದಿದ್ದ ಪರ್ವತಾರೋಹಿಗಳು ಅದನ್ನು ಕಣ್ಣಾರೆ ಕಂಡರು, ಚಿತ್ರೀಕರಿಸಿದರು. 2008ರ ಗಲಭೆಗಳ ನಂತರ ಕಾವಲು ಎಷ್ಟು ಬಿಗಿಯಾಯಿತೆಂದರೆ ಸಾವಿರಗಳಲ್ಲಿದ್ದ ಎಣಿಕೆ ನೂರಕ್ಕೆ, ಹತ್ತಕ್ಕೆ ಇಳಿಯಿತು. ಸೆರಾದ ತರಗತಿಗಳಲ್ಲಿ ಈಗ ಟಿಬೆಟಿನಿಂದ ನೇರವಾಗಿ ಬಂದ ಹುಡುಗರು ಅಪರೂಪ. ಲಡಾಖ್, ಅರುಣಾಚಲ, ನೇಪಾಳ, ಭೂತಾನಗಳ ಮಕ್ಕಳೇ ಹೆಚ್ಚು.

ವಿಮಾನದ ವೇಳಾಪಟ್ಟಿ ತೆಗೆದು ನೋಡಿದರೆ ಮಾತ್ರ ಲಾಸಾ ಇಷ್ಟು ಹತ್ತಿರ ಹಿಂದೆಂದೂ ಇರಲಿಲ್ಲ. ಲಾಸಾದಿಂದ ಕಠ್ಮಂಡುವಿಗೆ ಒಂದೂವರೆ ಗಂಟೆ, ಅಲ್ಲಿಂದ ದೆಹಲಿಗೆ ಎರಡು ಗಂಟೆಯೊಳಗೆ, ದೆಹಲಿಯಿಂದ ಬೆಂಗಳೂರಿಗೆ ಮೂರು ಗಂಟೆಯೊಳಗೆ, ಮುಂದೆ ಬೈಲಕುಪ್ಪೆಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ. ಕಾಯುವ ಹೊತ್ತು ಸೇರಿಸಿದರೂ ಇವತ್ತು ಬೆಳಿಗ್ಗೆ ಲಾಸಾ ಬಿಟ್ಟವನು ನಾಳೆ ಮಧ್ಯಾಹ್ನದ ಊಟಕ್ಕೆ ಬೈಲಕುಪ್ಪೆಯಲ್ಲಿರಬಹುದು. ದೆಸಿದೇರಿಯ ಎರಡೂವರೆ ವರ್ಷ ಒಂದೂವರೆ ದಿನಕ್ಕೆ ಇಳಿದಿದೆ. ಆದರೆ ಈ ಲೆಕ್ಕ ಪಾಸ್‌ಪೋರ್ಟ್ ಇರುವವರದು. ಬೈಲಕುಪ್ಪೆಯ ಬಹುತೇಕ ಟಿಬೆಟನ್ನರ ಬಳಿ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ, ಮತ್ತು ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿಗೆ ಬದಲಾಗಿ ಕೊಡುವ ಹಳದಿ ರಟ್ಟಿನ ಗುರುತುಪುಸ್ತಕ. 1950ರಿಂದ 1987ರ ಮಧ್ಯದವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಕಾನೂನಿನಂತೆ ಭಾರತೀಯರೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಆದರೂ ಎಲ್ಲರೂ ಪೌರತ್ವ ಕೇಳಿ ಹೋಗಿಲ್ಲ. ನಿರಾಶ್ರಿತರಾಗಿ ಉಳಿಯುವುದೇ ಹಿಂದಿರುಗುವ ಹಕ್ಕನ್ನು ಉಳಿಸಿಕೊಳ್ಳುವ ಬಗೆ ಎಂಬ ಭಾವನೆ ಹಿರಿಯರಲ್ಲಿ ಗಟ್ಟಿಯಾಗಿತ್ತು. ಕಿರಿಯರ ಮಾತು ಬೇರೆ. ಅವರಲ್ಲಿ ಅನೇಕರು ಕೆನಡಾ, ಫ್ರಾನ್ಸ್, ಅಮೆರಿಕಗಳಿಗೆ ಹೊರಟುಹೋಗುತ್ತಿದ್ದಾರೆ. ಲಾಸಾಕ್ಕಿಂತ ಟೊರಾಂಟೊ ಅವರಿಗೆ ಹತ್ತಿರ.

ಇದರ ಎದುರಿಗೆ ಇನ್ನೊಂದು ಸಂಗತಿಯನ್ನಿಟ್ಟು ನೋಡಬಹುದು. ಪಿರಿಯಾಪಟ್ಟಣದ ಯಾರೇ ಭಾರತೀಯ ಯಾತ್ರಿಕ ಟಿಬೆಟಿನಲ್ಲಿರುವ ಕೈಲಾಸ ಮಾನಸ ಸರೋವರಕ್ಕೆ ಹೋಗಿ ಬಂದರೆ ಕರ್ನಾಟಕ ಸರ್ಕಾರ ಸಹಾಯಧನ ಕೊಡುತ್ತಾ ಬಂದಿದೆ. 2020ರಿಂದ ಐದು ವರ್ಷ ನಿಂತಿದ್ದ ಆ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಬೈಲಕುಪ್ಪೆಯಲ್ಲೇ ಹುಟ್ಟಿ, ಅಚ್ಚ ಮೈಸೂರು ಕನ್ನಡ ಆಡುವ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವ ಟಿಬೆಟನ್ ಹೆಂಗಸಿಗೆ ಅದೇ ಕೈಲಾಸದ ದಾರಿ ಇಲ್ಲ.

ಸುದ್ದಿಯ ವೇಗದ ಕಥೆಯೂ ಹೀಗೇ ಏರಿಳಿದಿದೆ. ಕಾಗದಗಳ ಕಾಲ ಹೋಗಿ ಮೊಬೈಲ್ ಬಂದ ಮೇಲೆ, ಅದರಲ್ಲೂ ‘ವೀಚಾಟ್’ ಎಂಬ ಚೀನೀ ಆ್ಯಪ್ ಬಂದ ಮೇಲೆ, ಐವತ್ತು ವರ್ಷ ಮುಖ ಕಾಣದಿದ್ದ ಅಣ್ಣತಂಗಿಯರು ಪರದೆಯ ಮೇಲೆ ಎದುರುಬದುರಾದರು. ಮಾತು ಯಾರಾದರೂ ಕೇಳಿಸಿಕೊಳ್ಳುತ್ತಾರೆಂಬ ಭಯ ಇದ್ದೇ ಇತ್ತು. ಆದ್ದರಿಂದ ಹವಾಮಾನ, ಆರೋಗ್ಯ, ಮದುವೆಮುಂಜಿಯಂಥ ಮಾತುಗಳಷ್ಟೇ. ಅಷ್ಟಾದರೂ ಲಾಸಾ ಕೂಗಳತೆಗೆ ಬಂದಿತ್ತು. ಗಲ್ವಾನ್ ಘರ್ಷಣೆಯ ಬೆನ್ನಿಗೇ 2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ವೀಚಾಟ್ ಕೂಡ ಹೋಯಿತು. ಚೀನಾದೊಳಗೆ ಹೊರಗಿನ ಬೇರೆ ಆ್ಯಪ್‌ಗಳು ನಡೆಯುವುದಿಲ್ಲ. ದೇಶದ ಮಿಕ್ಕವರಿಗೆ ಟಿಕ್‌ಟಾಕ್ ಹೋದದ್ದು ದೊಡ್ಡ ಸುದ್ದಿ. ಕ್ಯಾಂಪಿನವರಿಗೆ ಆ ದಿನ ಕಡಿದದ್ದು ತಾಯಿಯ ದನಿ.

2025ರ ಜನವರಿ ಮೊದಲ ವಾರದಲ್ಲಿ ದಲೈ ಲಾಮಾ ವಿಶ್ರಾಂತಿಗೆಂದು ಬೈಲಕುಪ್ಪೆಗೆ ಬಂದರು. ಅವರು ಬಂದು ಎರಡು ದಿನ ಕಳೆಯುವಷ್ಟರಲ್ಲಿ, 7ರ ಬೆಳಿಗ್ಗೆ, ಶಿಗಾಟ್ಸೆ ಪ್ರಾಂತ್ಯದ ಡಿಂಗ್ರಿಯಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಮನೆಗಳು ಮಣ್ಣಾದ ಚಿತ್ರ ಕೆಲವೇ ಗಂಟೆಗಳಲ್ಲಿ ಲೋಕವೆಲ್ಲ ಹರಡಿತು. ತಮ್ಮವರು ಯಾರು ಉಳಿದರು, ಯಾರು ಹೋದರು ಎಂದು ತಿಳಿಯುವುದು ಮಾತ್ರ ಡಿಂಗ್ರಿಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಅಷ್ಟು ಸುಲಭವಾಗಿರಲಿಲ್ಲ. 9ರಂದು ಸತ್ತವರಿಗಾಗಿ ಪ್ರಾರ್ಥನೆ ನಡೆಯಿತು. ನಡೆದದ್ದು ತಾಶಿ ಲ್ಹುನ್‌ಪೊದಲ್ಲಿ; ಶಿಗಾಟ್ಸೆಯದಲ್ಲ, ಪಿರಿಯಾಪಟ್ಟಣ ತಾಲ್ಲೂಕಿನದು. ಅಲ್ಲಿಂದ ಹೆಚ್ಚು ದೂರವಿಲ್ಲದೆ ಕಾವೇರಿ ಹರಿಯುತ್ತಾಳೆ. ಮುಂದೆ ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಧುಮುಕಿ, ಕನ್ನಂಬಾಡಿಯಲ್ಲಿ ತಂಗಿ, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಲಾಸಾದ ಕೀಚು ನದಿಯೂ ತ್ಸಾಂಗ್ಪೊವನ್ನು ಕೂಡಿ, ಬ್ರಹ್ಮಪುತ್ರೆಯಾಗಿ, ಅದೇ ಕೊಲ್ಲಿಗೆ ಬಂದು ಸೇರುತ್ತದೆ.